ಅರವತ್ತೊಂದನೇ ನಮೂನೆ

ಹರಿಹರದ ಹೊಳೆದಂಡೆಯ ಆ ಬಟ್ಟೆ ಮಿಲ್ಲಿನಲ್ಲಿ ಲಾಲ್ ಸಾಬ್ ಯಾರು ಅಂತ ಯಾರೂ ಕೇಳುತ್ತಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಕ್ಯಾಂಟೀನಿನಲ್ಲಿ ಮಿರ್ಚಿ ಕರಿಯುವವನ ತನಕ ಎಲ್ಲರಿಗೂ ಗೊತ್ತಿದ್ದ ಮನುಷ್ಯ ಅವರು. ಆಳು ಕುಳ್ಳು, ಬಿಳಿ ಗಡ್ಡ, ಅಂಗಿಯ ತೋಳಿನ ಮೇಲೆ ಸದಾ ಮರದ ಪುಡಿ. ಬಿಳಿ ಟವೆಲ್ಲಿನ ಮೇಲೆ ಬಿಳಿ ನೂಲಿನಲ್ಲೇ ಜೇನುಗೂಡು ಏಳಬೇಕೆ, ಬೆಡ್‌ಶೀಟಿನ ಅಂಚಿಗೆ ಹುಣಸೆ ಎಲೆ ಬರಬೇಕೆ, ಲಾಲ್ ಸಾಬರನ್ನು ಕರೆಯಿರಿ. ಬಣ್ಣ ಬೇಡ, ಸೂಜಿ ಬೇಡ. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ, ಅಂಗಿಯ ಜೇಬಿನಲ್ಲಿ ಒಂದು ಹಿಡಿ ಮರದ ಗೂಟ, ಅಷ್ಟಿದ್ದರೆ ಅವರ ಕೆಲಸ ಶುರು.

ಕೆಲಸ ಹೇಳುವುದು ಸುಲಭ. ಮಗ್ಗದ ನೆತ್ತಿಯ ಮೇಲೆ ಮರದ ಪಟ್ಟಿಗಳ ಒಂದು ಸರಪಳಿ ಸುತ್ತುತ್ತಿರುತ್ತದೆ. ಒಂದೊಂದು ಪಟ್ಟಿಗೂ ಹದಿನಾರು ತೂತು. ತೂತಿಗೆ ಗೂಟ ಹೊಡೆದರೆ ಅದಕ್ಕೆ ಸೇರಿದ ಹಾಸುನೂಲು ಮೇಲೇಳುತ್ತದೆ, ಖಾಲಿ ಬಿಟ್ಟರೆ ಕೆಳಗೇ ಉಳಿಯುತ್ತದೆ. ಎಲ್ಲಿ ಗೂಟ, ಎಲ್ಲಿ ಖಾಲಿ ಅನ್ನುವುದೇ ನಮೂನೆ. ಹೇಳುವುದು ಸುಲಭ ಅಂದೆನಲ್ಲ, ಮಾಡಲು ಕೂತವರು ಮೂರನೇ ಪಟ್ಟಿಗೆ ತಲೆ ಕೆರೆದುಕೊಳ್ಳುತ್ತಾರೆ. ಲಾಲ್ ಸಾಬರು ಮೂವತ್ತೊಂದು ವರ್ಷದಲ್ಲಿ ನೂರಾ ನಲವತ್ತು ನಮೂನೆ ಕಟ್ಟಿದ್ದರು. ಎಲ್ಲವೂ ಚೌಕಳಿ ಹಾಳೆಗಳ ಮೇಲೆ ಪೆನ್ಸಿಲಿನಲ್ಲಿ ಇದ್ದವು, ಅದಕ್ಕಿಂತ ಗಟ್ಟಿಯಾಗಿ ಅವರ ತಲೆಯಲ್ಲಿ ಇದ್ದವು.

ತೊಂಬತ್ತಾರರಲ್ಲಿ ಆ ಹಾಳೆಗಳ ಕಪಾಟಿಗೆ ಗೆದ್ದಲು ಹತ್ತಿತು. ನೇಯ್ಗೆ ವಿಭಾಗದ ಮಾಸ್ಟರು ವಾಮದೇವಪ್ಪನವರು ಹಣೆ ಚಚ್ಚಿಕೊಂಡು, ಇದೆಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಿಬಿಡೋಣ ಅಂದರು. ಹಾಕಬೇಕಾದವಳು ಆಶಾರಾಣಿ.

ಆಶಾರಾಣಿ ಶಾಮನೂರಿನ ಹುಡುಗಿ. ಬಿಕಾಂ ಮುಗಿಸಿ, ದಾವಣಗೆರೆಯಲ್ಲಿ ಒಂದು ವರ್ಷದ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಮಿಲ್ಲಿಗೆ ತಾತ್ಕಾಲಿಕ ನೌಕರಿಗೆ ಸೇರಿದ್ದಳು. ದಿನಾ ಬೆಳಗ್ಗೆ ಎಂಟರ ಬಸ್ಸು ಹಿಡಿದು ಹರಿಹರಕ್ಕೆ ಬರುವುದು, ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡುವುದು, ತಣ್ಣಗಿನ ಕೋಣೆಯಲ್ಲಿ ಹಸಿರು ಅಕ್ಷರಗಳ ಮುಂದೆ ಕೂರುವುದು. ಇಡೀ ಮಿಲ್ಲಿನಲ್ಲಿ ಯುನಿಕ್ಸ್ ಅನ್ನುವ ಆ ಯಂತ್ರದ ಭಾಷೆ ಬಲ್ಲವಳು ಅವಳೊಬ್ಬಳೇ. ಈ ಕಂಪ್ಯೂಟರ್ ಕಲಿತವರಿಗೆ ಆಗಿನ ಕಾಲಕ್ಕೆ ಒಂದು ಧಿಮಾಕು ಇರುತ್ತಿತ್ತು ನೋಡಿ, ಅವಳಿಗೂ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ. ದೊಡ್ಡ ದೊಡ್ಡವರೆಲ್ಲ ಬಂದು ಬಾಗಿಲಲ್ಲಿ ನಿಂತು, "ಒಳಗ ಬರಬಹುದೇನಮ್ಮ?" ಅಂತ ಕೇಳುತ್ತಿದ್ದರೆ ಯಾರ ತಲೆ ನೆಟ್ಟಗಿರುತ್ತದೆ?

ಲಾಲ್ ಸಾಬರು ಮೊದಲ ದಿನ ಕುರ್ಚಿಯ ಮೇಲೆ ಕೂರಲೇ ಇಲ್ಲ. ಅಂಗಿಗೆ ಎಣ್ಣೆಯಾಗಿದೆ ಅಂತ ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡರು. ತೊಡೆಯ ಮೇಲೆ ಹಾಳೆ ಇಟ್ಟುಕೊಂಡರೂ ಅದರ ಕಡೆ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋಗುತ್ತಿದ್ದರು. "ಒಂದು ಏಳು, ಎರಡು ಬಿಡು, ಒಂದು ಏಳು, ಮೂರು ಬಿಡು." ಅದಕ್ಕೊಂದು ರಾಗವೇ ಇತ್ತು. ನೂಲು ಏಳು ಅಂದಲ್ಲಿ ಆಶಾರಾಣಿ ಎಕ್ಸ್ ಒತ್ತುವಳು, ಬಿಡು ಅಂದಲ್ಲಿ ಸ್ಪೇಸ್ ಪಟ್ಟಿ ಒತ್ತುವಳು. ಹದಿನಾರು ಮನೆ ಆದಮೇಲೆ ಮುಂದಿನ ಸಾಲು.

ಎರಡನೇ ದಿನವೋ ಮೂರನೇ ದಿನವೋ ಅವರು ಪರದೆಯ ಹತ್ತಿರ ಬಗ್ಗಿ ನೋಡಿದರು.

"ಆಶಮ್ಮ, ಬಿಟ್ಟ ಮನಿಗೂ ಏನಾರ ಒಂದು ಗುರ್ತು ಹಾಕ್ರಿ. ನನ್ನ ಹಾಳೆನಾಗ ನೋಡ್ರಿ, ಖಾಲಿ ಇದ್ದಲ್ಲೂ ಸಣ್ಣದೊಂದು ಚುಕ್ಕಿ ಐತೆ."

"ಚುಕ್ಕಿ ಯಾಕ್ ಬೇಕು ಲಾಲ್ ಸಾಬ್ರೆ? ಸ್ಪೇಸೂ ಒಂದು ಅಕ್ಷರನೇ. ಕಾಣಲ್ಲ ಅಷ್ಟೇ. ಕಂಪ್ಯೂಟರ್ ಒಳಗೆ ಎಲ್ಲ ಎಣಿಸ್ಕೊಂಡಿರ್ತೈತೆ."

"ಅಲ್ರಿ, ಖಾಲಿ ಅಂದ್ರೆ ಏನೂ ಇಲ್ಲ ಅಂತಲ್ಲ. ನೂಲು ಅಲ್ಲೇ ಐತೆ, ಕೆಳಗೈತೆ ಅಂತ."

"ಗೊತ್ತಾತು ಬಿಡ್ರಿ. ನೀವು ಹೇಳ್ರಿ, ನಾನು ಹೊಡೀತೀನಿ. ಹಿಂಗೆ ಒಂದೊಂದಕ್ಕೂ ನಿಂತ್ರೆ ಬರೋ ಯುಗಾದಿಗೂ ಮುಗಿಯಲ್ಲ."

ಲಾಲ್ ಸಾಬರು ನಕ್ಕರು. ಕಲಿತ ಹುಡುಗಿ, ಅವಳಿಗೆ ತಿಳಿಯದ್ದು ತನಗೇನು ತಿಳಿದೀತು ಅಂದುಕೊಂಡಿರಬೇಕು. ಮತ್ತೆ ಆ ಮಾತು ಎತ್ತಲಿಲ್ಲ.

ಕೆಲಸ ಒಂದು ವರ್ಷ ನಡೆಯಿತು. ದಿನಕ್ಕೊಂದು ತಾಸು, ಊಟದ ಬಿಡುವಿನ ನಂತರ. ಆ ವರ್ಷದಲ್ಲಿ ಆಶಾರಾಣಿಗೆ ಅವರ ಮೇಲೆ ಅಕ್ಕರೆ ಹುಟ್ಟಿತು. ಲಾಲ್ ಸಾಬರು ಎನ್ನುತ್ತಿದ್ದವಳು ಚಾಚಾ ಅನ್ನತೊಡಗಿದಳು. ಅವರು ನಮೂನೆಗಳಿಗೆ ಇಟ್ಟ ಹೆಸರು ಕೇಳಿ ನಗುತ್ತಿದ್ದಳು. ನಲವತ್ತನೆಯದು 'ಮಾಸ್ಟರ್ ಹುಬ್ಬು', ವಾಮದೇವಪ್ಪನವರು ಸಿಟ್ಟಾದಾಗ ಹುಬ್ಬು ಕೂಡುವ ಹಾಗೆ ಗೆರೆಗಳು ಕೂಡುತ್ತಿದ್ದವು. ಅರವತ್ತೊಂದನೆಯದಕ್ಕೆ ಮಾತ್ರ 'ಸುಗ್ರಾ' ಅಂತ ಹೆಂಡತಿಯ ಹೆಸರಿಟ್ಟಿದ್ದರು. ಮದುವೆಯಾದ ಹೊಸತರಲ್ಲಿ ಕಟ್ಟಿದ್ದಂತೆ. ಮಲ್ಲಿಗೆ ಮೊಗ್ಗು ನಾಲ್ಕು ನಾಲ್ಕಾಗಿ ಒಂದು ಚೌಕದೊಳಗೆ ಕೂತಿರುವ ನಮೂನೆ. ಮಿಲ್ಲಿನ ನಮೂನೆಗಳಲ್ಲೆಲ್ಲ ಹೆಚ್ಚು ಖಾಲಿ ಮನೆಗಳಿದ್ದದ್ದು ಅದರಲ್ಲೇ, ಅದಕ್ಕೇ ಮೊಗ್ಗು ಅಷ್ಟು ಚೆಂದ ಕಾಣುತ್ತಿದ್ದದ್ದು.

ತೊಂಬತ್ತೇಳರ ಆಯುಧಪೂಜೆಗೆ ಮಿಲ್ಲು ತೊಳೆದರು. ಆಯುಧಪೂಜೆ ಅಂದರೆ ಗೊತ್ತಲ್ಲ, ಬೇಕಾದ್ದು ಬೇಡಾದ್ದು ಎಲ್ಲ ಹೊರಗೆ ಬೀಳುವ ದಿನ. ಗೆದ್ದಲು ತಿಂದ ಹಾಳೆಗಳ ಕಟ್ಟು ರದ್ದಿಯ ಗುಡ್ಡೆಯ ಪಕ್ಕ ಇತ್ತು. ಲಾಲ್ ಸಾಬರು ಅದನ್ನು ಎತ್ತಿಕೊಂಡು ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದರು.

"ಬೇಟಿ, ಇನ್ನು ಇದು ಬ್ಯಾಡ ಅಲ್ಲ?"

"ಬ್ಯಾಡ ಚಾಚಾ. ಎಲ್ಲ ಒಳಗೈತೆ."

ಅವರು ಕಟ್ಟನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಗುಡ್ಡೆಗೆ ಹಾಕಿದರು. ಆಶಾರಾಣಿ ಅದನ್ನು ನೋಡಿದಳು, ಪಾಪ ಅನ್ನಿಸಿತು, ಪೂಜೆಯ ಕುಂಬಳಕಾಯಿಗೆ ಕುಂಕುಮ ಹಚ್ಚಲು ಯಾರೋ ಕರೆದರು, ಹೋದಳು.

ಮರುವರ್ಷ ಎರಡು ಸಾವಿರದ ಭೂತ ಮೆಟ್ಟಿಕೊಂಡಿತು. ಇಸವಿ ಎರಡು ಸಾವಿರ ಆದ ತಕ್ಷಣ ಹಳೇ ಕಂಪ್ಯೂಟರುಗಳೆಲ್ಲ ತಲೆ ಕೆಟ್ಟು ಕೂರುತ್ತವೆ ಅಂತ ಪತ್ರಿಕೆಗಳಲ್ಲಿ ಬಂದದ್ದೇ ಬಂದದ್ದು. ಮಿಲ್ಲಿಗೂ ಹೊಸ ಯಂತ್ರ ಬಂತು. ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ ಆಶಾರಾಣಿಗೆ ಬಿತ್ತು. ನಮೂನೆಗಳು ನೂರಾ ನಲವತ್ತು ಬೇರೆ ಬೇರೆ ಕಡತಗಳಲ್ಲಿದ್ದವು. ಎಲ್ಲಕ್ಕೂ ಸಂಖ್ಯೆ, ಹೆಸರು ಹಚ್ಚಿ ಒಂದೇ ದೊಡ್ಡ ಕಡತ ಮಾಡಬೇಕು. ಕೈಯಿಂದ ಮಾಡಿದರೆ ತಿಂಗಳು ಬೇಕು. ಅವಳು ಶೆಲ್ ಸ್ಕ್ರಿಪ್ಟ್ ಬರೆದಳು. ಅಂದರೆ ಯಂತ್ರಕ್ಕೆ, ಇದು ಮಾಡು, ಆಮೇಲೆ ಇದು ಮಾಡು ಅಂತ ಸಾಲಾಗಿ ಬರೆದುಕೊಟ್ಟ ಅಪ್ಪಣೆ. ಒಂದು ನಮೂನೆಯ ಸಾಲುಗಳನ್ನು ಓದಿಕೋ, ಒಂದೊಂದು ಸಾಲನ್ನೂ ಒಂದೊಂದು ಡಬ್ಬಿಯಲ್ಲಿಡು, ಆಮೇಲೆ ಡಬ್ಬಿಗಳನ್ನು ಕ್ರಮವಾಗಿ ತೆರೆದು ಹೊಸ ಕಡತಕ್ಕೆ ಸುರಿ. ಹಾಗೆ ಜೋಡಿಸಿದ ಡಬ್ಬಿಗಳ ಸಾಲಿಗೆ ಆ ವಿದ್ಯೆಯಲ್ಲಿ ಅರ್ರೇ ಅನ್ನುತ್ತಾರೆ. ಅವಳು ಅರ್ರೇ ಬಳಸಿ ಬರೆದ ಮೊದಲ ಸ್ಕ್ರಿಪ್ಟ್ ಅದು. ಹೊಸ ಸೀರೆ ಉಟ್ಟಷ್ಟು ಖುಷಿಯಾಗಿದ್ದಳು.

ಓಡಿಸಿದಳು. ಕಾಫಿ ಕುಡಿದು ಬರುವುದರೊಳಗೆ ಮುಗಿದಿತ್ತು. ಸಾಲುಗಳ ಸಂಖ್ಯೆ ತಾಳೆ ನೋಡಿದಳು. ನೂರಾ ನಲವತ್ತು ನಮೂನೆ, ಹಳೆಯದರಲ್ಲಿ ಎಷ್ಟು ಸಾಲಿದ್ದವೋ ಹೊಸದರಲ್ಲೂ ಅಷ್ಟೇ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಸಾಲಿನೊಳಗೆ ಇಣುಕಿ ನೋಡಲಿಲ್ಲ. ನೋಡಬೇಕು ಅಂತ ಹೊಳೆಯಲೂ ಇಲ್ಲ. ಅಯ್ಯೋ, ಒಂದೇ ಒಂದು ನಮೂನೆ ತೆರೆದು ನೋಡಿದ್ದರೆ ಸಾಕಿತ್ತು! ಹಳೇ ಯಂತ್ರವನ್ನು ಅಳಿಸಿ, ಒರೆಸಿ, ಕೊಟ್ಟವರೇ ವಾಪಸು ಒಯ್ದರು.

ತೊಂಬತ್ತೊಂಬತ್ತರ ಜನವರಿಯಲ್ಲಿ ಲಾಲ್ ಸಾಬರು ಬಲಗಣ್ಣಿನ ಪೊರೆ ತೆಗೆಸಿಕೊಂಡು ರಜೆಯಲ್ಲಿದ್ದರು. ಆಗಲೇ ದೊಡ್ಡದೊಂದು ಆರ್ಡರು ಬಂತು, ಅರವತ್ತೊಂದನೇ ನಮೂನೆಯದೇ. ಎರಡು ಮಗ್ಗದಲ್ಲಿ ಕೂರಿಸಲು ವಾಮದೇವಪ್ಪನವರು ಮಕ್ತುಮ್ ಸಾಬರಿಗೆ ಹೇಳಿದರು. ಮಕ್ತುಮ್ ಸಾಬ್ ಮಗ್ಗ ರಿಪೇರಿ ಮಾಡುತ್ತಿದ್ದ ಮನುಷ್ಯ, ನಮೂನೆ ಕಟ್ಟಿದವರಲ್ಲ. ಆಶಾರಾಣಿ ಪ್ರಿಂಟ್ ತೆಗೆದು ಕೊಟ್ಟಳು. ಅವರು ಅದನ್ನು ಎದುರಿಗಿಟ್ಟುಕೊಂಡು, ಎಡಗಡೆಯಿಂದ ಎಣಿಸುತ್ತ, ಕಾಗದದಲ್ಲಿ ಹೇಗಿತ್ತೋ ಹಾಗೆ ಗೂಟ ಹೊಡೆದರು. ಸಾಲು ಗಿಡ್ಡವಾಗಿದ್ದಲ್ಲಿ, ಉಳಿದದ್ದು ಖಾಲಿ ಇರಬೇಕು ಅಂತ ಬಿಟ್ಟರು.

ಎರಡು ಪಾಳಿ ನೇಯ್ದ ಮೇಲೆ ಬಟ್ಟೆ ಮಡಿಸುವ ಹೆಂಗಸರು ಕೂಗೆಬ್ಬಿಸಿದರು. ಮೊಗ್ಗೂ ಇಲ್ಲ, ಚೌಕವೂ ಇಲ್ಲ. ನಮೂನೆಯೆಲ್ಲ ಒಂದು ಅಂಚಿಗೆ ಮುದ್ದೆಯಾಗಿ, ಇನ್ನೊಂದು ಅಂಚಿನಲ್ಲಿ ನೂಲು ಹಿಡಿತವಿಲ್ಲದೆ ಜೋಲಾಡುತ್ತಿತ್ತು.

ವಾಮದೇವಪ್ಪನವರು ರಜೆಯಲ್ಲಿದ್ದ ಲಾಲ್ ಸಾಬರನ್ನು ಕರೆಸಿದರು. ಕಣ್ಣಿಗೆ ಹಸಿರು ಬಟ್ಟೆಯ ತುಂಡು ಇಳಿಬಿಟ್ಟುಕೊಂಡೇ ಬಂದರು. ಆಫೀಸಿನಲ್ಲಿ ಆರೇಳು ಜನ ನಿಂತಿದ್ದರು. ಮೇಜಿನ ಮೇಲೆ ಆ ಕೆಟ್ಟ ಬಟ್ಟೆ ಬಿದ್ದಿತ್ತು.

"ಇದನ್ನ ಹೇಳಿ ಬರೆಸಿದ್ದು ನೀನೇ ಅಲ್ಲೇನಪ್ಪ?"

"ನಾನೇ ಸಾಹೇಬ್ರ."

ವಾಮದೇವಪ್ಪನವರು ಆಶಾರಾಣಿಯ ಕಡೆ ತಿರುಗಿದರು. "ಏನಮ್ಮ, ಕಂಪ್ಯೂಟರೇನಾದ್ರೂ ಹೆಚ್ಚುಕಡಿಮೆ ಮಾಡಿರ್ತೈತಾ?"

"ಇಲ್ಲ ಸಾರ್. ನಾವು ಏನು ಹಾಕಿದೀವೋ ಅದೇ ಇರ್ತದೆ."

ಅವಳು ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಹಾಗೆಂದೇ ನಂಬಿದ್ದಳು. ಚಾಚಾಗೆ ವಯಸ್ಸಾಯಿತು, ಎಲ್ಲೋ ತಪ್ಪಿ ಹೇಳಿದ್ದಾರೆ ಅಂತ ಒಳಗೊಳಗೇ ನೊಂದುಕೊಂಡಿದ್ದಳು ಸಹ.

"ಹಂಗಾದ್ರೆ ಈಗ ಹೇಳು ನೋಡೋಣ," ಅಂದರು ವಾಮದೇವಪ್ಪ.

ಲಾಲ್ ಸಾಬರು ಕಣ್ಣು ಮುಚ್ಚಿದರು. "ಮೂರು ಬಿಡು, ಒಂದು ಏಳು, ನಾಲ್ಕು ಬಿಡು..." ಮಕ್ತುಮ್ ಸಾಬ್ ಕಾಗದ ನೋಡಿ, "ಇಲ್ಲಿ ಮೊದಲನೇದೇ ಏಳು ಐತಲ್ಲಪ್ಪ," ಅಂದರು. ಲಾಲ್ ಸಾಬರು ನಿಲ್ಲಿಸಿದರು. ಮತ್ತೆ ಮೊದಲಿಂದ ಶುರು ಮಾಡಿದರು. ಮತ್ತೆ ಕಾಗದದ ಜೊತೆ ಹೊಂದಲಿಲ್ಲ. ಮೂರನೇ ಸಲ 'ಮೂರು ಬಿಡು' ಅನ್ನುವಷ್ಟಕ್ಕೇ ಕಣ್ಣು ತೆರೆದರು. ಸುತ್ತ ನಿಂತವರನ್ನು ಒಂದೇ ಕಣ್ಣಿನಲ್ಲಿ ನೋಡಿದರು.

"ಕಂಪ್ಯೂಟರ್‌ನಾಗ ಹಂಗೈತೆ ಅಂದ್ರ ನಾನೇ ತಪ್ಪು ಹೇಳಿರಬೇಕ್ರಿ. ತಲಿ ಮೊದ್ಲಿನಂಗೆ ಇಲ್ಲ."

ನಿವೃತ್ತಿಗೆ ಇನ್ನೂ ಹತ್ತು ತಿಂಗಳಿತ್ತು. ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಅಂತ ಯಾರೋ ಬರೆದರು, ಅವರು ಸಹಿ ಮಾಡಿದರು. ಮಿಲ್ಲು ಬಿಡುವವರಿಗೆ ಹಾರ ಹಾಕಿ, ಶಾಲು ಹೊದಿಸಿ, ಗೇಟಿನ ತನಕ ಕಳಿಸಿಬರುವ ಪದ್ಧತಿ ಇತ್ತು. ಅವರಿಗೆ ಅದೊಂದೂ ಆಗಲಿಲ್ಲ. ಊಟದ ಡಬ್ಬಿ ಕೈಯಲ್ಲಿ ಹಿಡಿದು ಹಿಂದಿನ ಗೇಟಿನಿಂದ ಹೋದರು ಅಂತ ಆಮೇಲೆ ಗೊತ್ತಾಯಿತು.

ಹದಿನೈದು ದಿನ ಕಳೆದಿರಬಹುದು. ಬೇರೊಂದು ನಮೂನೆಯ ಪ್ರಿಂಟ್ ಬೇಕಾಗಿ ಆಶಾರಾಣಿ ದೊಡ್ಡ ಕಡತ ತೆರೆದಳು. ಕೈಯಲ್ಲಿ ಊಟದ ರೊಟ್ಟಿ ಇತ್ತು. ಪರದೆ ಮೇಲೆ ಸಾಲು ಸಾಲು ಸರಿಯುತ್ತಿದ್ದ ಹಾಗೆ ಏನೋ ಕಣ್ಣಿಗೆ ಚುಚ್ಚಿತು. ಪ್ರತಿ ಸಾಲೂ ಎಡಗಡೆಯ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಖಾಲಿಯಿಂದ ಶುರುವಾಗುವ ಸಾಲು ಒಂದೂ ಇರಲಿಲ್ಲ. ಎಕ್ಸ್‌ಗಳ ನಡುವೆ ಖಾಲಿ ಇದ್ದಲ್ಲೆಲ್ಲ ಒಂದೇ ಒಂದು ಮನೆ, ಎಲ್ಲ ಕಡೆಯೂ ಒಂದೇ. ಎರಡು ಬಿಡು, ಮೂರು ಬಿಡು, ನಾಲ್ಕು ಬಿಡು ಅಂತ ಒಂದು ವರ್ಷ ಕೇಳಿಸಿಕೊಂಡಿದ್ದಳಲ್ಲ, ಎಲ್ಲಿ ಹೋದವು ಅವು?

ಕೈ ತೊಳೆಯದೆಯೇ ತನ್ನ ಹಳೇ ಸ್ಕ್ರಿಪ್ಟ್ ತೆರೆದಳು. ಖಾಲಿ ಮನೆಗಳಿರುವ ಒಂದು ಸಾಲನ್ನು ಡಬ್ಬಿಗೆ ಹಾಕಿ ತೆಗೆದಳು, ಮುದ್ದೆಯಾಗಿ ಹೊರಬಂತು. ಡಬ್ಬಿಯಿಂದ ಹೊರತೆಗೆಯುವಲ್ಲಿ ಆಚೆಗೊಂದು ಈಚೆಗೊಂದು ಉದ್ಧರಣ ಚಿಹ್ನೆ ಹಾಕಬೇಕಿತ್ತು. ಹಾಕದಿದ್ದರೆ ಅಪ್ಪಣೆ ಓದುವ ಶೆಲ್ಲು ಖಾಲಿ ಜಾಗವನ್ನು ಪದ ಪದದ ನಡುವಿನ ಸಂದು ಅಂತಷ್ಟೇ ಎಣಿಸಿ, ಎಷ್ಟಿದ್ದರೂ ಒಂದೇ ಮಾಡಿಬಿಡುತ್ತದೆ. ಓದಿಕೊಳ್ಳುವಾಗಲೂ ಹಾಗೇ, ಖಾಲಿಯನ್ನು ಸೇರಿಸಿ ಓದು ಅಂತ ಮೊದಲೇ ತಾಕೀತು ಮಾಡದಿದ್ದರೆ ಸಾಲಿನ ತಲೆಯ ಮೇಲಿನದನ್ನೆಲ್ಲ ಬೋಳಿಸಿಬಿಡುತ್ತದೆ. ತಾಕೀತು ಮಾಡಿದಳು, ಚಿಹ್ನೆ ಹಾಕಿದಳು, ಮತ್ತೆ ಓಡಿಸಿದಳು. ಹದಿನಾರು ಮನೆಯೂ ಇದ್ದಲ್ಲೇ ಇದ್ದವು. ನಾಲ್ಕು ಬೆರಳೊತ್ತಿನ ಕೆಲಸ. ಚಾಚಾ ಕೇಳಿದ ಹಾಗೆ ಚುಕ್ಕಿ ಹಾಕಿದ್ದರೆ ಅದೂ ಬೇಕಾಗಿರಲಿಲ್ಲ.

ಅಲ್ಲಿಂದ ಎದ್ದು ಸೀದಾ ವಾಮದೇವಪ್ಪನವರ ಕೋಣೆಗೆ ಹೋದಳು. ಹೋದಳು ಅನ್ನುವುದು ನಿಜ. ಬಾಗಿಲು ತಳ್ಳಿದಳು ಅನ್ನುವುದೂ ನಿಜ. ಅವರು ತಲೆಯೆತ್ತಿ ನಕ್ಕರು.

"ಬಾಮ್ಮ, ನೂರು ವರ್ಷ ಆಯಸ್ಸು ನಿಂಗೆ. ನಿನ್ನ ಕನ್ಫರ್ಮೇಶನ್ ಫೈಲಿಗೇ ಈಗ ಬರೀತಿದ್ದೆ. ಒಂದು ದೂರಿಲ್ಲ, ಒಂದು ತಪ್ಪಿಲ್ಲ. ಏನು ಬಂದಿದ್ದು?"

ಮೂರು ವರ್ಷದಿಂದ ಅವಳು ಕಾಯುತ್ತಿದ್ದ ಕಾಗದ ಅದು. ನೌಕರಿ ಕಾಯಂ ಆಗಲಿ ಅಂತ ತಾಯಿ ನಿರ್ಮಲಮ್ಮ ಮಾಡದ ಉಪವಾಸವಿರಲಿಲ್ಲ.

"ಪ್ರಿಂಟರ್ ರಿಬ್ಬನ್ ಮುಗಿದೈತೆ ಸಾರ್," ಅಂದಳು ಆಶಾರಾಣಿ.

ಕಾಯಂ ಆದ ಆರ್ಡರ್ ಕೈಗೆ ಬರಲಿ, ಆಮೇಲೆ ಹೇಳೋಣ ಅಂದುಕೊಂಡಳು. ಏಪ್ರಿಲ್‌ನಲ್ಲಿ ಬಂತು. ಬಂದ ವಾರವೇ ಹೇಳಿದರೆ ಚೆನ್ನಾಗಿರುವುದಿಲ್ಲ ಅಂದುಕೊಂಡಳು. ಮೇ ಆಯಿತು, ಜೂನ್ ಆಯಿತು. ಆಮೇಲೆ, ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಅಂತ ಕೇಳಿದರೆ ಏನು ಹೇಳುವುದು ಅನ್ನುವ ಹೆದರಿಕೆ ಹತ್ತಿತು. ಸುಮ್ಮನಿರುವುದರ ಕಷ್ಟವೇ ಅದು, ದಿನ ಕಳೆದಷ್ಟೂ ಬಾಯಿ ಬಿಗಿಯುತ್ತದೆ. ಬಸ್ಸಿನಲ್ಲಿ ಯಾರಾದರೂ ಗಡ್ಡದ ಮುದುಕರು ಹತ್ತಿದರೆ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು. ತಾಯಿ ಗಂಡಿನ ಮಾತು ತೆಗೆದರೆ ಕಾರಣವಿಲ್ಲದೆ ರೇಗುತ್ತಿದ್ದಳು. ನೌಕರಿ ಕಾಯಂ ಆದ ಮೇಲೆ ಇವಳಿಗೆ ಕೊಬ್ಬು ಬಂತು ಅಂತ ನಿರ್ಮಲಮ್ಮ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡರು.

ಸುಮ್ಮನೆ ಕೂತಳು ಅಂತಲ್ಲ. ಮಿಲ್ಲಿನಲ್ಲಿದ್ದ ಹಳೇ ಬಟ್ಟೆಯ ಮಾದರಿ ತುಂಡುಗಳನ್ನು ಹುಡುಕಿ, ಭೂತಗನ್ನಡಿ ಇಟ್ಟು, ಸೂಜಿಯಿಂದ ಒಂದೊಂದೇ ನೂಲು ಎಣಿಸಿ, ಕೆಟ್ಟ ನಮೂನೆಗಳನ್ನು ರಿಪೇರಿ ಮಾಡತೊಡಗಿದಳು. ಈ ಸಲ ಪ್ರತಿ ಖಾಲಿ ಮನೆಗೂ ಚುಕ್ಕಿ. ಅರವತ್ತೊಂದನೆಯದರ ತುಂಡು ಮಿಲ್ಲಿನಲ್ಲಿ ಇರಲಿಲ್ಲ, ಅವಳ ತಾಯಿಯ ಟ್ರಂಕಿನಲ್ಲಿ ಒಂದು ಟವೆಲ್ಲು ಸಿಕ್ಕಿತು. ಅದನ್ನೂ ಎಣಿಸಿದಳು. ಮೂರು ಬಿಡು, ಒಂದು ಏಳು, ನಾಲ್ಕು ಬಿಡು. ಅವತ್ತು ಆಫೀಸಿನಲ್ಲಿ ಚಾಚಾ ಹೇಳಿದ್ದು ಅಕ್ಷರ ಅಕ್ಷರವೂ ಸರಿಯಾಗಿತ್ತು. ಟವೆಲ್ಲು ಮುಖಕ್ಕೆ ಒತ್ತಿಕೊಂಡು ಅತ್ತಳು.

ಹೀಗೆ ಮೂವತ್ತೆಂಟು ನಮೂನೆ ದಕ್ಕಿದವು. ಉಳಿದ ನೂರಾ ಎರಡಕ್ಕೆ ಬಟ್ಟೆಯೂ ಇಲ್ಲ, ಹಾಳೆಯೂ ಇಲ್ಲ. ಲಾಲ್ ಸಾಬರ ತಲೆಯಲ್ಲಿ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಇಲ್ಲ. ನವೆಂಬರಿನಲ್ಲಿ ಅವಳು ಕೊನೆಗೂ ಎಲ್ಲವನ್ನೂ ಬರೆದು ವಾಮದೇವಪ್ಪನವರ ಮೇಜಿನ ಮೇಲಿಟ್ಟಳು. ಅವರು ಎರಡು ಸಲ ಓದಿ, ಕನ್ನಡಕ ತೆಗೆದು, "ಆದದ್ದು ಆಗಿಹೋತು. ಈಗ ಇದನ್ನ ಮೇಲಕ್ಕೆ ಕಳ್ಸಿ ಯಾರಿಗೇನು ಸಿಗ್ತೈತೆ?" ಅಂತ ಡ್ರಾಯರಿಗೆ ಹಾಕಿದರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಆ ಭಾನುವಾರ ಟವೆಲ್ಲು, ಒಂದು ಚೌಕಳಿ ಪುಸ್ತಕ, ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಮಲೆಬೆನ್ನೂರಿಗೆ ಹೋದಳು. ಭತ್ತದ ಕೊಯ್ಲಿನ ಕಾಲ, ರಸ್ತೆ ತುಂಬ ಟ್ರ್ಯಾಕ್ಟರು. ಲಾಲ್ ಸಾಬರ ಮನೆ ಸಂತೆ ಬೀದಿಯ ಹಿಂದೆ, ಹೆಂಚಿನದು. ಹೆಂಡತಿ ಸುಗ್ರಾಬಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಎತ್ತರದ ಹೆಂಗಸು, ಗಟ್ಟಿ ದನಿ.

"ಬರ್ರಿ ಬರ್ರಿ, ಕೂಡ್ರಿ. ಕಂಪ್ಯೂಟರ್ ಆಶಮ್ಮ ಅಲ್ಲೇನ್ರಿ? ನಿಮ್ಮ ಸುದ್ದಿ ಭಾಳ ಹೇಳ್ತಿದ್ರು."

ಲಾಲ್ ಸಾಬರು ಒಳಗೆ ಗೋಡೆಗೊರಗಿ ಕೂತಿದ್ದರು. ಗಡ್ಡ ತೆಳ್ಳಗಾಗಿತ್ತು. ಒಂದು ಕಣ್ಣು ಸರಿಹೋಗಿತ್ತು, ಇನ್ನೊಂದಕ್ಕೆ ಇನ್ನೂ ಪೊರೆ. ದನಿ ಕೇಳಿಯೇ ಗುರುತು ಹಿಡಿದು ನಕ್ಕರು. ಆಶಾರಾಣಿ ನೆಲದ ಮೇಲೆ ಕೂತು, ಒಂದೇ ಉಸಿರಿಗೆ ಹೇಳಿದಳು. ತಪ್ಪು ತನ್ನದು. ಖಾಲಿ ಮನೆಗಳನ್ನು ತನ್ನ ಸ್ಕ್ರಿಪ್ಟು ತಿಂದುಹಾಕಿತು. ಅವರು ಹೇಳಿದ್ದೆಲ್ಲ ಸರಿಯಿತ್ತು. ತನಗೆ ಫೆಬ್ರವರಿಯಲ್ಲೇ ಗೊತ್ತಾಗಿತ್ತು, ನೌಕರಿಯ ಆಸೆಗೆ ಬಾಯಿ ಬಿಡಲಿಲ್ಲ.

ಲಾಲ್ ಸಾಬರು ಎಲ್ಲ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟರು.

"ನಿಮ್ಮ ಮನಸ್ಸು ದೊಡ್ಡದು ಬೇಟಿ. ಮುದುಕಗೆ ಸಮಾಧಾನ ಆಗ್ಲಿ ಅಂತ ತಪ್ಪು ಮೈಮ್ಯಾಲೆ ಹಾಕ್ಕೊಂಡು ಬಂದೀರಿ."

"ಇಲ್ಲ ಚಾಚಾ, ಖರೇನೇ ಹೇಳ್ತಿದೀನಿ! ಇದನ್ನ ನೋಡ್ರಿ." ಟವೆಲ್ಲನ್ನು ಅವರ ಕೈಗಿತ್ತಳು.

ಅವರ ಬೆರಳು ಮೊಗ್ಗಿನ ಮೇಲೆ, ಮೊಗ್ಗಿನ ನಡುವೆ ನಿಧಾನವಾಗಿ ಓಡಾಡಿತು. "ಸುಗ್ರಾ," ಅಂದರು. "ಇದು ಸರಿ ಐತೆ. ಆಗ ತಲಿ ನೆಟ್ಟಗಿತ್ತು ನೋಡ್ರಿ."

"ಈಗೂ ನೆಟ್ಟಗೈತೆ. ಬೇಕಾದ್ರೆ ಇನ್ನೊಂದು ಹೇಳ್ರಿ, ಬರ್ಕೊಂತೀನಿ. ಅರವತ್ತೆರಡನೇದು ಹೇಳ್ರಿ. ಚುಕ್ಕಿ ಹಾಕ್ತೀನಿ ಚಾಚಾ, ಒಂದೊಂದಕ್ಕೂ ಹಾಕ್ತೀನಿ." ಪುಸ್ತಕ ತೆರೆದು ಪೆನ್ಸಿಲ್ ಹಿಡಿದಳು.

ಅವರು ಕಣ್ಣು ಮುಚ್ಚಿದರು. "ಎರಡು ಏಳು, ಮೂರು ಬಿಡು, ಒಂದು..." ನಿಂತರು. "ಮೂರಲ್ಲ, ಎರಡು. ಅಲ್ಲ, ಮೂರೇ ಇರಬೇಕು. ಬರ್ಕೋಬ್ಯಾಡ್ರಿ, ಬ್ಯಾಡ." ಹಣೆ ಒರೆಸಿಕೊಂಡರು. "ಇನ್ನೊಮ್ಮೆ ಬಟ್ಟಿ ಕೆಡಸೋದು ಬ್ಯಾಡ ಬೇಟಿ."

ಅವಳು ಒತ್ತಾಯ ಮಾಡಿದಳು, ಬೇಡಿದಳು. ಅವರು ತಲೆ ಆಡಿಸಿದರು ಅಷ್ಟೇ. ಸುಗ್ರಾಬಿ ಬಾಗಿಲಿಗೆ ಬಂದು ಕಣ್ಸನ್ನೆ ಮಾಡಿ ಹೊರಗೆ ಕರೆದರು.

"ಬಿಟ್ಬಿಡ್ರಿ ಆಶಮ್ಮ, ಅವ್ರಿಗೆ ತ್ರಾಸ ಆಗ್ತೈತೆ. ನೀವು ಹೇಳಿದ್ದು ನಂಗೆ ಕೇಳಿಸ್ತು, ನಾ ನಂಬ್ತೀನಿ. ಅವತ್ತೇ ಬಂದು ಹೇಳಿದ್ರೆ ಅವ್ರೂ ನಂಬ್ತಿದ್ರು. ಮಿಲ್ಲಿಗೆ ಓಡಿ ಹೋಗಿ ಬ್ಯಾರೆ ಗೂಟ ಹೊಡೀತಿದ್ರು." ಅಕ್ಕಿಯ ಮೊರ ಎತ್ತಿ ಒಳಗಿಟ್ಟರು. "ಈಗ ಎಲ್ಲಾದ್ರಾಗೂ ಅನುಮಾನ. ಕದ ಹಾಕಿದ್ನಾ, ಔಷಧ ತಗೊಂಡ್ನಾ ಅಂತ ದಿನಕ್ಕ ಹತ್ತು ಸಲ. ಕೂಡ್ರಿ, ಪಕ್ಕದ ಮನಿಯಿಂದ ಹಾಲು ತರ್ತೀನಿ, ಚಾ ಕುಡದು ಹೋಗ್ರಿ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಆಶಾರಾಣಿಗೆ ಎದುರು ನಿಲ್ಲಲು ಆಗಲಿಲ್ಲ. ಅವರು ಚೊಂಬು ಹಿಡಿದು ಹೋದ ಮೇಲೆ ಒಳಗೆ ಬಂದು ಮೂಲೆಯಲ್ಲಿ ಕೂತಳು. ಅಷ್ಟರಲ್ಲಿ ಮಧ್ಯಾಹ್ನ ಇಳಿಯುವ ಹೊತ್ತಿನ ಅಜಾನ್ ಕೇಳಿಸಿತು. ಟ್ರ್ಯಾಕ್ಟರುಗಳ ಹಾವಳಿಯಲ್ಲಿ ಮಸೀದಿಗೆ ಹೋಗುವುದು ಬೇಡ ಅಂತ ಸುಗ್ರಾಬಿ ತಡೆದಿದ್ದರಿಂದ ಲಾಲ್ ಸಾಬರು ಮನೆಯಲ್ಲೇ ನಮಾಜು ಮಾಡುತ್ತಿದ್ದರು. ಕೈಕಾಲು ಮುಖ ತೊಳೆದು ಬಂದು ಚಾಪೆ ಹಾಸಿದರು. ನಿಂತರು. ಆಮೇಲೆ ಹೆಂಡತಿ ಇಲ್ಲದ್ದು ನೆನಪಾಗಿ, ಸಂಕೋಚದಿಂದ ಅವಳ ಕಡೆ ತಿರುಗಿದರು.

"ಬೇಟಿ, ಒಂದು ಉಪಕಾರ ಮಾಡ್ತೀರೇನು? ದಿನಾ ಸುಗ್ರಾ ಎಣಸ್ತಾಳೆ. ನಾ ಎರಡು ಸಲ ಹಣಿ ನೆಲಕ್ಕ ಹಚ್ಚಿದ್ರೆ ಒಂದು ಅಂತ ಲೆಕ್ಕ. ಹಂಗೆ ನಾಲ್ಕಾಗಬೇಕು. ನಡುವೆ ಮಾತಾಡಬ್ಯಾಡ್ರಿ, ಮುಗಿದ ಮ್ಯಾಲೆ ಹೇಳಿದ್ರೆ ಸಾಕು."

ಆಶಾರಾಣಿ ಹೂಂ ಅಂದಳು. ಕಣ್ಣು ತುಂಬಿ ಚಾಪೆ ಕಾಣದಂತಾಗುತ್ತಿತ್ತು, ಒರೆಸಿಕೊಂಡು ಒರೆಸಿಕೊಂಡು ನೋಡಿದಳು. ಬೆರಳು ಮಡಚಿ ಮಡಚಿ ಎಣಿಸಿದಳು. ಅವರು ನಿಂತರು, ಬಾಗಿದರು, ನೆಲಕ್ಕೆ ಹಣೆ ಹಚ್ಚಿದರು, ಎದ್ದರು. ಎಲ್ಲೂ ಎಡವಲಿಲ್ಲ, ಎಲ್ಲೂ ತಡೆಯಲಿಲ್ಲ. ಕೊನೆಗೆ ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ಮುಖ ತಿರುಗಿಸಿ ಮುಗಿಸಿದರು.

"ಎಷ್ಟಾತ್ರಿ?"

"ನಾಲ್ಕು ಚಾಚಾ. ಬರೋಬ್ಬರಿ ನಾಲ್ಕು."

"ನನಗೂ ನಾಲ್ಕೇ ಅನ್ನಿಸಿತ್ತು," ಅಂದರು ಲಾಲ್ ಸಾಬರು, ಚಾಪೆ ಮಡಚುತ್ತ. "ಆದ್ರ ನನ್ನ ಎಣಿಕಿ ನಾನೇ ಹೆಂಗೆ ನಂಬಲಿ? ನೀವು ಹೇಳಿದ್ರಲ್ಲ, ಈಗ ಸಮಾಧಾನ ಆತು."